ತೂತು ದಿಂಬಿನ ಲೆಕ್ಕ

ಗಣಿತದ ಮೇಷ್ಟ್ರು ದರ್ಜಿಗೆ ಹೇಳಿ ಒಂದು ದಿಂಬು ಹೊಲಿಸಿದರು. ನಡುವೆ ತೂತಿರುವ, ಗಾಡಿಯ ಟ್ಯೂಬಿನಂಥ ದುಂಡು ದಿಂಬು. ಎಡವಟ್ಟು ಶುರುವಾದದ್ದೇ ಅಲ್ಲಿಂದ.

ಉದ್ದೇಶವೇನೋ ಘನವಾದದ್ದೇ. ಒಂಬತ್ತು ವರ್ಷ ಹಂಗಾಮಿಯಾಗಿ ಕಲಿಸಿದವರಿಗೆ ಅಂದು ಮಧ್ಯಾಹ್ನ ಆಯ್ಕೆ ಸಮಿತಿಯ ಮುಂದೆ ಮಾದರಿ ಪಾಠ, ಮೆಚ್ಚಿದರೆ ಕಾಯಂ. ವಿಷಯ, ಮೇಲ್ಮೈಗಳ ಆಕಾರ. ದಿಂಬಿಗೆ ಬಣ್ಣದ ತುಂಡುಗಳು ಹದಿನಾರು, ಅವು ಕೂಡುವ ಮೂಲೆಗಳು ಹದಿನಾರು, ಮೂಲೆಯಿಂದ ಮೂಲೆಗೆ ಓಡುವ ಹೊಲಿಗೆಗಳು ಮೂವತ್ತೆರಡು. ಮೂಲೆಗಳಲ್ಲಿ ಹೊಲಿಗೆ ಕಳೆದು ತುಂಡು ಕೂಡಿದರೆ ಸೊನ್ನೆ. ದಿಂಬನ್ನು ಹಿಸುಕಲಿ, ತಿರುಚಲಿ, ನೂರು ತುಂಡಿನಲ್ಲಿ ಹೊಲಿಯಲಿ, ಸೊನ್ನೆಯೇ. ಚೆಂಡಿಗಾದರೆ ಯಾವತ್ತೂ ಎರಡು. ಇದನ್ನು ಕಂಡು ಸಮಿತಿಯವರ ಬಾಯಿ ದಿಂಬಿನ ತೂತಿನಷ್ಟೇ ಅಗಲವಾಗುವುದೆಂದು ಮೇಷ್ಟ್ರ ಅಂದಾಜು.

ದಿಂಬು ಯಾವ ಚೀಲಕ್ಕೂ ಹಿಡಿಸಲಿಲ್ಲ. ತೋಳಿಗೆ ಸಿಕ್ಕಿಸಿಕೊಂಡು ಹೊರಟರು. ಮೆಟ್ಟಿಲಲ್ಲಿ ಸಿಕ್ಕ ಕೆಳಮನೆಯ ಅಜ್ಜಿ ದಿಂಬನ್ನೊಮ್ಮೆ, ಮೇಷ್ಟ್ರ ಹಿಂಭಾಗವನ್ನೊಮ್ಮೆ ನೋಡಿದರು.

“ಎಷ್ಟು ದಿನದಿಂದಪ್ಪಾ?”

“ಇದು ಪಾಠಕ್ಕೆ, ಅಜ್ಜಿ.”

“ನಮ್ಮ ಯಜಮಾನ್ರೂ ಇಂಥಾ ತೂತು ದಿಂಬಿನ ಮೇಲೇ ಕೂತ್ಕೊಂಡು ಹೀಗೇ ಏನೇನೋ ನೆಪ ಹೇಳೋರು. ಮೂಲವ್ಯಾಧಿಗೆ ಎಂಥಾ ನಾಚಿಕೆ?”

ಬೀದಿ ದಾಟುವಷ್ಟರಲ್ಲಿ ಔಷಧದಂಗಡಿಯವನು ಆಚೆ ಬದಿಯಿಂದಲೇ ಒಂದು ಮುಲಾಮಿನ ಹೆಸರು ಕೂಗಿ ಹೇಳಿದ. ಸುದ್ದಿ ಮೇಷ್ಟ್ರಿಗಿಂತ ಮೊದಲೇ ಕಾಲೇಜು ಸೇರಿತು. ಸಿಬ್ಬಂದಿ ಕೋಣೆಯಲ್ಲಿ ಭೌತಶಾಸ್ತ್ರದವರು ಕಾಲಗಲಿಸಿ ಬಾತುಕೋಳಿಯ ಹಾಗೆ ನಡೆದು ತೋರಿಸುತ್ತಿದ್ದವರು, ಇವರನ್ನು ಕಂಡು ತಟ್ಟನೆ ಕಿಟಕಿ ನೋಡಿದರು.

ಮೇಷ್ಟ್ರು ಗುಮಾಸ್ತನಿಗೆ ದಿಂಬಿನ ತೂತು ತೋರಿಸಿ ವಿವರಿಸಿದರು. “ನೋಡಿ, ಎಷ್ಟು ಎಳೆದ್ರೂ, ಎಷ್ಟು ಹಿಸುಕಿದ್ರೂ ಇದು ಹೋಗೋದೇ ಇಲ್ಲ.”

“ಹಾಗೆಲ್ಲ ಧೈರ್ಯ ಕಳ್ಕೋಬೇಡಿ ಸಾರ್. ನಮ್ಮ ಭಾವನಿಗೆ ಹೋಯ್ತು.”

ಪಾಠ ಮಾತ್ರ ಹೂವಿನ ಹಾಗೆ ಅರಳಿತು. ಸಮಿತಿಯ ಅಧ್ಯಕ್ಷರು ತಾವೇ ಬೆರಳಿಟ್ಟು ಎಣಿಸಿದರು, ಸೊನ್ನೆ ಬಂತು, ಮಗುವಿನಂತೆ ನಕ್ಕರು. ಇನ್ನಿಬ್ಬರು ಸದಸ್ಯರು ಚಪ್ಪಾಳೆ ತಟ್ಟಿದರು. ಆಮೇಲೆ ಅಧ್ಯಕ್ಷರು ಬಹಳ ಸಂಕೋಚದಿಂದ, ಕೂರಲು ಆಗುವುದಾದರೆ ಕೂರಿ ಎಂದರು.

ಸುದ್ದಿ ಇಲ್ಲಿಗೂ ಬಂದಿದೆಯೆಂದು ಮೇಷ್ಟ್ರಿಗೆ ಗೊತ್ತಾಯಿತು. ತಮಗೇನೂ ಆಗಿಲ್ಲವೆಂದು ಒಂದೇ ಏಟಿಗೆ ಸಾಬೀತು ಮಾಡಲು ಮರದ ಕುರ್ಚಿಯ ಮೇಲೆ ಧೊಪ್ಪನೆ ಕೂತರು. ಕುರ್ಚಿಯಲ್ಲೊಂದು ಮೊಳೆ ಎದ್ದಿತ್ತು. ಕೂತದ್ದಕ್ಕಿಂತ ವೇಗವಾಗಿ ಮೇಷ್ಟ್ರೂ ಎದ್ದರು.

ಮೂವರೂ ತಲೆ ತಗ್ಗಿಸಿ ಪಿಸುಗುಟ್ಟಿಕೊಂಡರು. ಕಡೆಗೆ ಅಧ್ಯಕ್ಷರು ಎದ್ದು ಬಂದು ಮೇಷ್ಟ್ರ ಹೆಗಲ ಮೇಲೆ ಕೈಯಿಟ್ಟರು.

“ಇಂಥಾ ಪಾಠ ನಾನು ಕೇಳಿರಲಿಲ್ಲ. ಆದ್ರೆ ಕಾಯಂ ಹುದ್ದೆ ಅಂದ್ರೆ ಕಡತ, ಸಭೆ, ದಿನವಿಡೀ ಕುರ್ಚಿ. ನಿಮ್ಮನ್ನ ಹಾಗೆ ನರಳಿಸೋಕೆ ನಮ್ಮ ಮನಸ್ಸು ಒಪ್ಪಲ್ಲ. ಹಂಗಾಮಿಯಲ್ಲಾದ್ರೆ ಆರಾಮಾಗಿ ನಿಂತೇ ಇರಬಹುದು. ನಿವೃತ್ತಿವರೆಗೂ ಅದನ್ನೇ ಮುಂದುವರಿಸೋಕೆ ಬಲವಾಗಿ ಶಿಫಾರಸು ಮಾಡಿದ್ದೀವಿ.”

ಮೇಷ್ಟ್ರು ಸಿಬ್ಬಂದಿ ಕೋಣೆಗೆ ಮರಳುವಷ್ಟರಲ್ಲಿ, ಶಿಫಾರಸನ್ನು ಶ್ರದ್ಧೆಯಿಂದ ಜಾರಿಗೆ ತಂದ ಗುಮಾಸ್ತ ಅವರ ಕುರ್ಚಿಯನ್ನು ಎತ್ತಿಕೊಂಡು ಹೊರಗೆ ಹೋಗುತ್ತಿದ್ದ.