ಗೋಣೆಪ್ಪ ಸಂಘ ಸೇರಿದ್ದು

ತ್ಯಾವಣಿಗೆಯ ಗೋಣೆಪ್ಪ ಇಪ್ಪತ್ತು ವರ್ಷದಿಂದ ಮರ ಹತ್ತಿ ಕೊಂಬೆ ಸವರುತ್ತಿದ್ದರೂ ‘ನೀವು ಮೆಂಬರ್ರಾ?’ ಎಂದು ಒಬ್ಬರೂ ಕೇಳಿರಲಿಲ್ಲ. ಮೊದಲ ಸಲ ಕೇಳಿದವರು ನೇತ್ರಾವತಿ ಟೀಚರು. ಅವರ ಮನೆಯ ಹೆಂಚಿನ ಮೇಲೆ ಬೇವಿನ ಮರ ಎರಡು ಕೊಂಬೆ ಚಾಚಿ ಆರಾಮವಾಗಿ ಒರಗಿತ್ತು.

“ಚನ್ನಗಿರೀಲಿ ಮರ ಸವರೋರ ಸಂಘ ಐತಂತೆ. ಅದಕ್ಕೆ ಸೇರಿದ ಮೇಲೇ ನಮ್ಮ ಮರ ಮುಟ್ರಿ. ನೀವು ಬಿದ್ರೆ ಉಚ್ಚಂಗೆಮ್ಮಂಗೆ ನಾನೇನು ಹೇಳ್ಲಿ?”

ಉಚ್ಚಂಗೆಮ್ಮ ಗೋಣೆಪ್ಪನ ಹೆಂಡತಿ. ಹೋದ ವರ್ಷ ಹುಣಸೆ ಮರದಿಂದ ಬಿದ್ದ ಗಂಡ ಎರಡು ತಿಂಗಳು ಮಂಚದ ಮೇಲೆ ಮಲಗಿ, ಅರ್ಧ ಗಂಟೆಗೊಂದು ಚಹಾ ಕೇಳಿದ್ದನ್ನು ಅವಳು ಮರೆತಿರಲಿಲ್ಲ. “ಮೊದ್ಲು ಹೋಗಿ ಸೇರ್ಕಂಡು ಬರ್ರಿ,” ಎಂದು ಬೆಳಗಿನ ಬಸ್ಸಿಗೇ ಹತ್ತಿಸಿದಳು.

ಸಂಘದ ಕಾರ್ಯದರ್ಶಿ ತಿಪ್ಪೇರುದ್ರಸ್ವಾಮಿ ಹೆಸರು ಬರೆದುಕೊಂಡು, ಒಂದು ಕಾರ್ಡು, ಹಳದಿ ಹೆಲ್ಮೆಟ್ಟು, ಹಗ್ಗವಿದ್ದ ದಪ್ಪ ಬೆಲ್ಟು ಕೊಟ್ಟರು. ಜೊತೆಗೆ ಅರ್ಧ ಗಂಟೆ ಪಾಠ. ವಾಪಸ್ ಬರುವಾಗ ಬಸ್ಸಿನಲ್ಲಿ ಪಕ್ಕದ ಅಜ್ಜಿ ಹೆಲ್ಮೆಟ್ ನೋಡಿ, “ನಮ್ಮ ಬೀದೀಗೆ ಕರೆಂಟ್ ಯಾವಾಗ ಬಿಡ್ತೀಯಪ್ಪ?” ಎಂದು ಹಿಡಿದುಕೊಂಡಳು.

“ನಾನು ಕರೆಂಟಿನೋನಲ್ಲ ಅಜ್ಜಿ, ಸಂಘದೋನು.”

“ಯಾವ ಸಂಘದೋನಾದ್ರೇನು, ಸಂಜೆ ಒಳಗೆ ಬಿಡಿಸು!”

ಊರು ಬರುವಷ್ಟರಲ್ಲಿ ಅವನು ಮೂರು ಬೀದಿಗೆ ಕರೆಂಟು ಕೊಡುವುದಾಗಿ ಒಪ್ಪಿಕೊಂಡಿದ್ದ.

ಟೀಚರ ಮನೆಯ ಕಟ್ಟೆಯ ಮೇಲೆ ಲುಂಗಿ ಎತ್ತಿ ಕಟ್ಟಿದ ಸಣಕಲು ಮುದುಕನೊಬ್ಬ ಎಲೆಯಡಿಕೆ ಜಗಿಯುತ್ತ ಕೂತಿದ್ದ. ಪಕ್ಕದಲ್ಲೊಂದು ಚೀಲ, ಅದರಿಂದ ಇಣುಕುವ ಕುಡುಗೋಲು. ಗೋಣೆಪ್ಪ ಕುಡುಗೋಲನ್ನೇ ನೋಡುತ್ತ ಕೇಳಿದ.

“ಯಾರು ತಾವು?”

“ಓಬಳಪ್ಪ ಅಂತ. ಜಗಳೂರು ಕಡೆಯೋನು. ನಾನೂ ಕೊಂಬೆ ಕಡಿಯೋನೇ. ನೀವು ಹತ್ರಿ, ನಾನು ನೋಡ್ತೀನಿ.”

ಕೆಲಸ ಕಸಿಯಲು ಬಂದವನೇ ಎಂದು ಗೋಣೆಪ್ಪನಿಗೆ ಖಾತ್ರಿಯಾಯಿತು. ಬೆಲ್ಟು ಬಿಗಿಯುತ್ತ, ಬೆಳಿಗ್ಗೆ ಕೇಳಿದ ಪಾಠವನ್ನು ಸ್ವಂತದ್ದೆಂಬಂತೆ ಒಪ್ಪಿಸಿದ. “ಬೆಲ್ಟಿಲ್ದೆ ಮರ ಹತ್ತೋದು ಹಳೇ ಬುದ್ಧಿ ಹಿರೇರೇ. ಈಗೆಲ್ಲ ಹಂಗೆ ನಡೆಯಂಗಿಲ್ಲ. ನೀವೂ ಒಂದ್ಸಲ ಸಂಘಕ್ಕೆ ಹೋಗಿ ತಿಳ್ಕಂಡು ಬರ್ರಿ.”

“ಆಗ್ಲಿ,” ಎಂದ ಓಬಳಪ್ಪ, ಜಗಿಯುವುದನ್ನು ನಿಲ್ಲಿಸದೆ.

ಮೊದಲ ಕೊಂಬೆ ಚೆನ್ನಾಗಿಯೇ ಬಿತ್ತು. ಪಕ್ಕದ ಮನೆಯ ನಿವೃತ್ತ ಗುಮಾಸ್ತ ಮಹೇಶ್ವರಪ್ಪನವರು ಅಂಗಳಕ್ಕೆ ಬಂದು, “ಎಡಕ್ಕೆ ಬಾ, ಅಲ್ಲಲ್ಲ, ನನ್ನ ಎಡಕ್ಕೆ!” ಎಂದು ಕೂಗಿದರು. ಯಾರ ಎಡವೆಂದು ಯೋಚಿಸುತ್ತ ಗೋಣೆಪ್ಪ ಒಣಗಿದ ಟೊಂಗೆಯೊಂದರ ಮೇಲೆ ಕಾಲಿಟ್ಟ. ಟೊಂಗೆ ಲಟಕ್ಕೆಂದಿತು. ಹೆಲ್ಮೆಟ್ಟಿಗೆ ಕೊಂಬೆ ಬಡಿಯಿತು. ಗೋಣೆಪ್ಪ ಬೀಳಲಿಲ್ಲ; ಚಪ್ಪರದ ಪಡವಲಕಾಯಿಯ ಹಾಗೆ ಗಾಳಿಯಲ್ಲಿ ತೂಗಿದ.

“ಬೆಲ್ಟು ಉಳಿಸ್ತು!” ಎಂದು ಟೀಚರು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಮುಗಿದರೂ ಗೋಣೆಪ್ಪ ತೂಗುತ್ತಲೇ ಇದ್ದ. ಬಕಲ್ಲು ಬಿಚ್ಚಲು ಬರುತ್ತಿರಲಿಲ್ಲ. ಜೇಬಿನಿಂದ ಉದುರಿದ ಕಾರ್ಡಿನ ನಂಬರಿಗೆ ಟೀಚರು ಫೋನ್ ಮಾಡಿ ಸ್ಪೀಕರ್ ಹಾಕಿದರು.

“ಹಾಕೋದು ಮೊದಲನೇ ಪಾಠ ರೀ,” ಎಂದರು ತಿಪ್ಪೇರುದ್ರಸ್ವಾಮಿ. “ಬಿಚ್ಚೋದು ಬರೋ ಸೋಮವಾರ.”

“ಸೋಮವಾರದ ತನಕ ಹಿಂಗೇ ಇರ್ಲಾ?” ಮೇಲಿನಿಂದ ಗೋಣೆಪ್ಪ ಕಿರುಚಿದ.

“ಗಾಬರಿ ಆಗಬ್ಯಾಡ್ರಿ. ಹೊಸಬರ ಮೊದಲ ಕೆಲಸ ನೋಡಾಕೆ ನಮ್ಮ ಅಧ್ಯಕ್ಷರು ಬಂದಿರ್ತಾರೆ, ಅಲ್ಲೇ ಎಲ್ಲೋ ಇರ್ಬೇಕು.”

ಎಲ್ಲರೂ ಕಾರು ಬರುತ್ತದೇನೋ ಎಂದು ರಸ್ತೆ ನೋಡಿದರು. ಓಬಳಪ್ಪ ಮಾತ್ರ ಎಲೆಯಡಿಕೆ ಉಗಿದು, ಚೀಲದಿಂದ ಬಣ್ಣ ಮಾಸಿದ ಬೆಲ್ಟೊಂದನ್ನು ತೆಗೆದು ಸೊಂಟಕ್ಕೆ ಕಟ್ಟಿಕೊಂಡ. ಅಳಿಲಿನ ಹಾಗೆ ಹತ್ತಿ, ಗೋಣೆಪ್ಪನನ್ನು ಹಗ್ಗದಲ್ಲಿ ಮೆಲ್ಲಗೆ ಇಳಿಸಿ, ಎರಡು ಬೆರಳಲ್ಲಿ ಬಕಲ್ಲು ಒತ್ತಿ ಬಿಚ್ಚಿದ.

ಅಷ್ಟರಲ್ಲಿ ಉಚ್ಚಂಗೆಮ್ಮ ಓಡಿ ಬಂದು ಗಂಡನ ಕೈಕಾಲು ಮುಟ್ಟಿ ನೋಡಿ, ಕಣ್ಣೊರೆಸಿಕೊಂಡು, “ಸಂಘ ಸೇರಿದ್ದಕ್ಕೆ ಉಳಿದ್ರಿ ನೋಡ್ರಿ!” ಎಂದಳು.

ಗೋಣೆಪ್ಪ ನಾಚಿಕೊಂಡೇ ಅಧ್ಯಕ್ಷರ ಕಡೆ ತಿರುಗಿದ. “ಹಂಗಾದ್ರೆ ನಾನು ಪಾಸಾ ಯಜಮಾನ್ರೇ?”

“ಜೀವ ಪಾಸ್. ಕೆಲಸ ಫೇಲ್,” ಎಂದರು ಓಬಳಪ್ಪ. “ಒಣಗಿದ್ದು ಯಾವ್ದು, ಹಸಿ ಯಾವ್ದು ಅಂತ ನೋಡ್ದೆ ಕಾಲಿಟ್ರಿ. ಪಾಠ ಎಲ್ಲ ಮುಗಿಯೋ ತನಕ ನೀವು ಮರ ಹತ್ತಂಗಿಲ್ಲ.”

“ಹಂಗಾದ್ರೆ ನನಗೆ ಸಂಘಾನೇ ಬ್ಯಾಡ!”

“ಸಂಘ ಬಿಟ್ರೆ ನಮ್ಮ ಮರ ಮುಟ್ಟಂಗಿಲ್ಲ,” ಎಂದರು ಟೀಚರು. ಉಚ್ಚಂಗೆಮ್ಮ ಇನ್ನೂ ಜೋರಾಗಿ, “ಯಾರ ಮರಾನೂ ಮುಟ್ಟಂಗಿಲ್ಲ!” ಎಂದಳು.

ಎರಡನೇ ಕೊಂಬೆಗೆ ಓಬಳಪ್ಪನವರೇ ಹತ್ತಿದರು. ಇಪ್ಪತ್ತು ವರ್ಷದ ಅನುಭವಿ ಗೋಣೆಪ್ಪ ಹೆಲ್ಮೆಟ್ ಹಾಕಿಕೊಂಡು, ಕೆಳಗೆ ಹಗ್ಗ ಹಿಡಿದು, ಮೇಲೆ ನೋಡುತ್ತ ನಿಂತ.

ಮಹೇಶ್ವರಪ್ಪನವರು ಪಕ್ಕಕ್ಕೆ ಬಂದು ಹೆಗಲ ಮೇಲೆ ಕೈಯಿಟ್ಟರು. “ಗೋಣೆಪ್ಪ, ನನ್ನನ್ನೂ ಸಂಘಕ್ಕೆ ಸೇರಿಸೋ ಮಾರಾಯ. ಇಷ್ಟು ಕೆಲಸ ನನಗೂ ಬರ್ತೈತೆ.”