ಸಂಕ ದಾಟಿದ ಸಂಶೋಧನೆ

ದೂರದಿಂದ ಯಾರಾದರೂ ನಮ್ಮನ್ನು ಅಧ್ಯಯನ ಮಾಡಲಿಕ್ಕೆ ಬಂದರೆಂದರೆ ಎಂತಾದರೊಂದು ಆಗದೆ ಇರುವುದಿಲ್ಲ. ಅರುವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಪಂಜದ ಕಡೆಯ ಒಂದು ಹಳ್ಳಿಯಲ್ಲಿ ಏಕೋಪಾಧ್ಯಾಯ ಶಾಲೆಯ ಮಾಸ್ತರನಾಗಿದ್ದೆ. ಆಗ ಉತ್ತರದ ಯಾವುದೋ ವಿಶ್ವವಿದ್ಯಾಲಯದಿಂದ ಇಬ್ಬರು ವಿದ್ವಾಂಸರು ಜೀಪಿನಲ್ಲಿ ಬಂದಿಳಿದರು. ಒಬ್ಬರದು ಅರ್ಥಶಾಸ್ತ್ರ, ಇನ್ನೊಬ್ಬರದು ಸಂಸ್ಕೃತಿ. ಏಷ್ಯಾದ ಸಮಾಜಗಳು ಹೇಗೆ ಬದಲಾಗುತ್ತಿವೆ ಎಂದು ಇಬ್ಬರೂ ಸೇರಿ ಬರೆಯುವುದಂತೆ. ಊರಲ್ಲಿ ಇಂಗ್ಲಿಷ್ ಬರುವವನು ನಾನೊಬ್ಬನೇ ಆದ್ದರಿಂದ ದುಭಾಷಿಯ ಕೆಲಸ ನನ್ನ ತಲೆಗೆ ಬಿತ್ತು.

ಒಪ್ಪಿಕೊಳ್ಳಲಿಕ್ಕೆ ನನಗೊಂದು ಸ್ವಾರ್ಥವೂ ಇತ್ತು. ಶಾಲೆಯ ಎದುರು ಹರಿಯುವ ತೋಡಿಗೆ ಎರಡು ಅಡಿಕೆ ಮರ ಅಡ್ಡ ಹಾಕಿದ ಸಂಕವೇ ಗತಿ. ಹಿಂದಿನ ಮಳೆಗಾಲದಲ್ಲಿ ಎರಡನೇ ಕ್ಲಾಸಿನ ಒಂದು ಹುಡುಗಿ ಅದರಿಂದ ಜಾರಿ ಬಿದ್ದಿದ್ದಳು. ಬೇರು ಹಿಡಿದು ಬದುಕಿದಳು, ಆದರೆ ಆಚೆ ದಡದ ಮಕ್ಕಳು ಆಮೇಲೆ ಮಳೆ ನಿಲ್ಲುವವರೆಗೆ ಶಾಲೆಗೆ ಬರಲಿಲ್ಲ. ಆ ಹೆದರಿಕೆ ನನ್ನನ್ನೂ ಬಿಟ್ಟಿರಲಿಲ್ಲ. ದೊಡ್ಡವರ ಪುಸ್ತಕದಲ್ಲಿ ನಮ್ಮ ತೋಡಿನ ಹೆಸರು ಬಂದರೆ ಸರ್ಕಾರ ಒಂದು ಸೇತುವೆ ಕೊಟ್ಟೀತು ಎಂಬುದು ನನ್ನ ಆಸೆ.

ಹತ್ತು ವರ್ಷದ ಬದಲಾವಣೆ

ಮೊದಲು ಹೋದದ್ದು ಊರಿನ ಹಿರಿಯ ಗೌಡರ ಮನೆಗೆ. ಗೌಡರು ಬೆಲ್ಲ ನೀರು ಕೊಟ್ಟು, ವೀಳ್ಯದ ಹರಿವಾಣ ಮುಂದಿಟ್ಟು, "ಏಷ್ಯಾ ಅಂದ್ರೆ ಎಲ್ಲಿ ಮಾಸ್ಟ್ರೆ? ನಮ್ಮದು ಪುತ್ತೂರು ತಾಲೂಕು ಅಲ್ವಾ?" ಎಂದು ಕೇಳಿದರು. ಪುತ್ತೂರು ತಾಲೂಕೂ ಅದರಲ್ಲೇ ಬರುತ್ತದೆ ಎಂದೆ. ನಮ್ಮನ್ನು ಕೇಳದೆ ಯಾವಾಗ ಸೇರಿಸಿದರೆಂದು ಅವರಿಗೆ ಸ್ವಲ್ಪ ಅಸಮಾಧಾನವಾಯಿತು.

ಅರ್ಥಶಾಸ್ತ್ರದವರು ಪ್ರಶ್ನೆಯ ಹಾಳೆಗಳ ಕಟ್ಟು ಬಿಚ್ಚಿದರು. ಮನೆಯಲ್ಲಿ ಎಷ್ಟು ಜನ, ಯಾರಿಗೆ ಮದುವೆಯಾಗಿದೆ, ದಿನಕ್ಕೆ ಎಷ್ಟು ಸಲ ಊಟ, ಹೆಂಡತಿಯ ಮಾತು ಕೇಳುತ್ತೀರಾ, ಹೀಗೆ ಬಿಸಿಲು ಇಳಿಯುವವರೆಗೆ ಪ್ರಶ್ನೆಗಳು. ಕೊನೆಯದು, ಹತ್ತು ವರ್ಷದಲ್ಲಿ ನಿಮ್ಮ ಬದುಕಿನಲ್ಲಿ ಎಂತ ಬದಲಾವಣೆ ಆಗಿದೆ ಎಂದು.

ಗೌಡರು ಎಲೆಗೆ ಸುಣ್ಣ ಹಚ್ಚುತ್ತಾ ಯೋಚಿಸಿದರು. "ಮುಂಚೆ ಮನೆಗೆ ಬಂದವರ ಹತ್ರ, ಊರು ಯಾವುದು, ಮಕ್ಕಳೆಷ್ಟು ಅಂತ ನಾವು ಕೇಳುದು ಇತ್ತು. ಈಗ ಬಂದವರೇ ನಮ್ಮ ಹತ್ರ ಕೇಳ್ತಾರೆ. ಅಷ್ಟೇ."

ಊರಿನ ರೇಡಿಯೊ

ನನ್ನ ಸೇತುವೆಯ ಆಸೆ ಹೇಗೋ ಊರಿಗೆಲ್ಲ ಹಬ್ಬಿತು. ಮುಂದುವರಿದ ಊರಿಗೆ ಮಾತ್ರ ಸೇತುವೆ ಅಂತೆ ಎಂದು ಒಬ್ಬರು ಅದಕ್ಕೆ ಬಾಲ ಸೇರಿಸಿದರು. ಮುಂದುವರಿದದ್ದಕ್ಕೆ ಗುರುತೆಂದು ಊರಲ್ಲಿದ್ದದ್ದು ಒಂದೇ ರೇಡಿಯೊ, ಅಂಗಡಿಯ ಬ್ಯಾರಿಗಳದ್ದು. ಬ್ಯಾರಿಗಳು ಉದಾರಿ. "ಊರಿಗಾಗಿ ಅಲ್ವಾ ಮಾರಾಯ್ರೆ, ಕೊಂಡೋಗಿ" ಎಂದರು.

ಮರುದಿನ ಅರ್ಥಶಾಸ್ತ್ರದವರು ಹೋದಲ್ಲೆಲ್ಲ ಜಗಲಿಯಲ್ಲಿ ರೇಡಿಯೊ! ನಾವು ಎದುರಿನ ದಾರಿಯಲ್ಲಿ ಹೋದರೆ ಅದು ಗುಡ್ಡದ ದಾರಿಯಲ್ಲಿ ಕೋರಿಕಂಬಳಿ ಹೊದ್ದು ಮೊದಲೇ ತಲುಪುತ್ತಿತ್ತು. ಐದನೇ ಮನೆಯಲ್ಲಿ ಅವರು, "ಆಶ್ಚರ್ಯ! ಎಲ್ಲರೂ ಒಂದೇ ಕಂಪೆನಿಯದ್ದು ತೆಗೆದುಕೊಂಡಿದ್ದಾರೆ" ಎಂದರು.

ರಾತ್ರಿ ಕಳೆಯುವುದರೊಳಗೆ ಸುದ್ದಿ ತಿರುಗಿತು. ಹಿಂದುಳಿದ ಊರಿಗೇ ಸೇತುವೆ ಅಂತೆ! ಬೆಳಿಗ್ಗೆ ಸಂಸ್ಕೃತಿಯವರ ಸರದಿ. ಐದನೇ ಮನೆಯ ಯಜಮಾನರು ತಮ್ಮಲ್ಲೇ ಉಳಿದಿದ್ದ ರೇಡಿಯೊವನ್ನು ಗಡಿಬಿಡಿಯಲ್ಲಿ ಅಕ್ಕಿಯ ಪತ್ತಾಯದೊಳಗೆ ಅಡಗಿಸಿದರು. ಆದರೆ ನಿಲ್ಲಿಸುವುದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ. ನಾವು ಕೂತಿದ್ದೇ ತಡ, ಪತ್ತಾಯದೊಳಗಿಂದ ಒಬ್ಬರು ಗಂಭೀರ ದನಿಯಲ್ಲಿ ಗೊಬ್ಬರದ ಬಗ್ಗೆ ಮಾತಾಡತೊಡಗಿದರು.

"ಅದು ಯಾರು?" ಎಂದು ಸಂಸ್ಕೃತಿಯವರು ಕೇಳಿದರು.

ಯಜಮಾನರು ಬೆವರು ಒರೆಸಿಕೊಂಡರು. "ನಮ್ಮ ಅಳಿಯ. ಹೊಸಬ. ಹೊರಗೆ ಬರ್ಲಿಕ್ಕೆ ನಾಚಿಕೆ."

ನಾನು ಅದನ್ನೇ ಇಂಗ್ಲಿಷಿಗೆ ಮಾಡಿ ಹೇಳಿದೆ. ಮಾಡಬಾರದಿತ್ತು. ಅವರು ಭಕ್ತಿಯಿಂದ ಬರೆದುಕೊಂಡರು: ಇಲ್ಲಿ ಹೊಸ ಅಳಿಯನು ಅಕ್ಕಿಯ ಪೆಟ್ಟಿಗೆಯಲ್ಲಿದ್ದುಕೊಂಡು ಬೇಸಾಯದ ಉಪದೇಶ ಮಾಡುವ ಪದ್ಧತಿ ಉಂಟು.

ಸೇತುವೆಗೆ ಮನೆಯಿಲ್ಲ

ಸಂಜೆ ಗೌಡರ ಜಗಲಿಯಲ್ಲಿ ಸೇತುವೆಯ ಮಾತು ನಾನೇ ಎತ್ತಿದೆ. ಅರ್ಥಶಾಸ್ತ್ರದವರು ತಮ್ಮ ಹಾಳೆಗಳನ್ನೆಲ್ಲ ಮಗುಚಿ ಹಾಕಿ, ಸೇತುವೆಯನ್ನು ಬರೆದುಕೊಳ್ಳಲಿಕ್ಕೆ ಇದರಲ್ಲಿ ಒಂದು ಮನೆಯೇ ಗೀಚಿಲ್ಲವಲ್ಲ ಎಂದು ಮರುಗಿದರು. ಸಂಸ್ಕೃತಿಯವರು ಮಾತ್ರ, "ಸಂಕವನ್ನು ಪ್ರತಿವರ್ಷ ಹಾಗೆಯೇ ಯಾಕೆ ಕಟ್ಟುತ್ತೀರಿ?" ಎಂದು ಗೌಡರನ್ನು ಕೇಳಿದರು.

"ಪ್ರತಿವರ್ಷ ಬೊಳ್ಳದ ನೀರಿಗೆ ಕೊಚ್ಚಿ ಹೋಗ್ತದೆ, ಅದಕ್ಕೆ" ಎಂದರು ಗೌಡರು.

ಸಂಸ್ಕೃತಿಯವರು ಬರೆದುಕೊಂಡರು: ಈ ಜನಕ್ಕೆ ಬದಲಾವಣೆ ಇಷ್ಟವಿಲ್ಲ.

ಹರಕೆಯ ಪತ್ರ

ಅವರು ಹೊರಡುವ ದಿನ, ಅವರ ಮೂಲಕ ಸರ್ಕಾರಕ್ಕೆ ಮುಟ್ಟಲೆಂದು ಸೇತುವೆಗೆ ಕನ್ನಡದಲ್ಲಿ ಒಂದು ಅರ್ಜಿ ಬರೆದು ಊರಿನವರೆಲ್ಲರ ಸಹಿ, ಹೆಬ್ಬೆಟ್ಟು ಹಾಕಿಸಿದೆ. ಅಷ್ಟರಲ್ಲಿ ಜೀಪು ಆಚೆ ದಡದಲ್ಲಿ ಗುರುಗುಟ್ಟುತ್ತಿತ್ತು. ಓಡಿದೆ. ಹಿಂದಿನ ದಿನದ ಮಳೆಗೆ ಸಂಕದ ಕೈಹಿಡಿ ಕಿತ್ತುಹೋಗಿತ್ತು. ನಿಂತು ದಾಟುವ ಧೈರ್ಯ ಬರಲಿಲ್ಲ. ಅರ್ಜಿಯನ್ನು ಹಲ್ಲಲ್ಲಿ ಕಚ್ಚಿ, ಅಂಬೆಗಾಲಿಕ್ಕಿ ದಾಟಿದೆ. ಆಚೆಯಿಂದ ಸಂಸ್ಕೃತಿಯವರ ಕ್ಯಾಮರಾ ಕ್ಲಿಕ್ ಎಂದಿತು. ಒದ್ದೆಯಾದ ಅರ್ಜಿಯನ್ನು ಅವರು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಾಗಲೇ ನನಗೆ ಅನುಮಾನ ಬರಬೇಕಿತ್ತು.

ಎರಡು ವರ್ಷದ ಮೇಲೆ ಅಂಚೆಯಲ್ಲಿ ಪುಸ್ತಕ ಬಂತು. ಮುಖಪುಟದಲ್ಲೇ ನಾನು, ನಾಲ್ಕು ಕಾಲಲ್ಲಿ! ಒಳಗೆ ವಿವರಣೆ: "ತೋಡು ದಾಟುವಾಗ ಜಲದೇವತೆಗೆ ಅಡ್ಡಬೀಳುವ ಗ್ರಾಮಸ್ಥ. ಬಾಯಲ್ಲಿರುವುದು ಹರಕೆಯ ಪತ್ರ." ಸೇತುವೆ ಎಂಬ ಮಾತಿಗಾಗಿ ಮೊದಲ ಪುಟದಿಂದ ಕೊನೆಯವರೆಗೆ ಹುಡುಕಿದೆ. ಎಲ್ಲಿಯೂ ಇಲ್ಲ. ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ.

ಆದರೂ ಸಂಕದ ಚಿತ್ರವಾದರೂ ಉಂಟಲ್ಲ ಎಂದು ಪುಸ್ತಕವನ್ನು ಪುತ್ತೂರಿನ ಒಬ್ಬ ಅಧಿಕಾರಿಯ ಮುಂದೆ ಹಿಡಿದೆ. ಅವರು ಚಿತ್ರವನ್ನು ನೋಡಿದರು, ನನ್ನನ್ನು ನೋಡಿದರು, ವಿವರಣೆಯನ್ನು ಎರಡು ಸಲ ಓದಿದರು.

"ಇದು ನಿಮ್ಮ ಸಂಪ್ರದಾಯ ಅಂತ ಅಚ್ಚಾಗಿದೆ ಮಾಸ್ಟ್ರೆ. ಸೇತುವೆ ಕಟ್ಟಿ ಜನರ ಭಾವನೆಗೆ ನೋವು ಮಾಡ್ಲಿಕ್ಕೆ ಆಗುದಿಲ್ಲ."

ನನ್ನ ಮುಖ ಕಂಡು ಅವರಿಗೂ ಕನಿಕರ ಬಂದಿರಬೇಕು. ಗಂಟೆ ಬಾರಿಸಿ ಜವಾನನನ್ನು ಕರೆದರು.

"ಇವರಿಗೆ ನಾಲ್ಕು ದಸ್ತು ಕಾಗದ ಕೊಡು. ಪಾಪ, ದಿನಾ ಕಚ್ಚಿಕೊಂಡು ದಾಟ್ಬೇಕಲ್ಲ."