ಎಂತ ಅಂದವರಿಗೆಲ್ಲ ಕಿವಿ ಮಿಷಿನ್

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕು ಸೋಸಿದರೂ ನನ್ನಂಥ ಮೇಷ್ಟ್ರು ಇನ್ನೊಬ್ಬ ಸಿಗುವುದಿಲ್ಲ. ಬೇರೆ ಯಾರೂ ಹೇಳುತ್ತಿಲ್ಲವಾದ್ದರಿಂದ ಇದನ್ನು ನಾನೇ ಹೇಳಬೇಕಾಗಿದೆ. ನಡೆಯಲು, ನೋಡಲು, ಮಾತಾಡಲು ಕಷ್ಟವಿರುವ ಸಣ್ಣ ಮಕ್ಕಳ ಮನೆಗೇ ಹೋಗಿ ಪಾಠ ಮಾಡುವ ಸರ್ಕಾರಿ ಕೆಲಸ ನನ್ನದು. ಮಕ್ಕಳಿಂದ ಒಂದು ದಿನವೂ ತೊಂದರೆ ಆಗಿಲ್ಲ. ತಲೆ ಕೆಡುವುದೆಲ್ಲ ದೊಡ್ಡವರಿಂದ, ಅದೂ ವಾರಕ್ಕೊಂದು ಸಲ ತಪ್ಪದೆ.

ಮೊದಲ ಮಾತು

ಕಮ್ಮರಡಿ ಹತ್ತಿರದ ಒಂದು ಮನೆಯಲ್ಲಿ ಐದು ವರ್ಷದ ಹುಡುಗಿ. ಎಲ್ಲರೂ ಕರೆಯುವುದು ಕೂಸು ಅಂತ. ಕಿವಿ ಚುರುಕು, ಕಣ್ಣು ಚುರುಕು, ಮಾತು ಮಾತ್ರ ಇಲ್ಲ. 'ಅಮ್ಮ' ಅಂತ ಹೇಳಿಸಲು ಒಂದು ವರ್ಷ ನಾನು ಪಟ್ಟ ಪಾಡು ಕೇಳಬೇಡಿ. ಕನ್ನಡಿ ಹಿಡಿದೆ, ಗೊಂಬೆ ಕುಣಿಸಿದೆ, ಕಪ್ಪೆಯಂತೆ ಕೂಗಿದೆ. ನನ್ನ ಕೂಗಿಗೆ ಹೊಳೆಯಾಚೆಯ ಕಪ್ಪೆಗಳೆಲ್ಲ ಉತ್ತರ ಕೊಟ್ಟವು. ಕೂಸು ಕೊಡಲಿಲ್ಲ.

ಒಂದು ದಿನ ಸೋತು, ಬ್ಯಾಗು ಹೆಗಲಿಗೇರಿಸಿ "ಕೂಸೇ" ಅಂದೆ.

"ಎಂತ?" ಅಂದಳು. ಸ್ಪಷ್ಟವಾಗಿ, ಸ್ವಲ್ಪ ಸಿಡುಕಿನಲ್ಲೇ.

ನಮ್ಮ ಕಡೆ ಯಾರನ್ನು ಕರೆದರೂ 'ಓ' ಅನ್ನುವುದಿಲ್ಲ, 'ಎಂತ?' ಅನ್ನುತ್ತಾರೆ. ಅವಳ ಅಜ್ಜಿಯಂತೂ ದಿನಕ್ಕೆ ನೂರು ಸಲ.

"ನೋಡಿದ್ರಾ ಅಜ್ಜಿ, ನನ್ನ ಪಾಠ?" ಅಂದೆ ಮೀಸೆ ತಿರುವಿ.

"ಪಾಠ ನಿಮ್ದೇ ಮೇಷ್ಟ್ರೇ, ಧ್ವನಿ ಮಾತ್ರ ನಂದು" ಅಂದರು.

ಶಿಬಿರ

ಮುಂದಿನ ಜೂನ್ ಬಂದರೆ ಕೂಸಿಗೆ ಒಂದನೇ ಕ್ಲಾಸು. ಅಷ್ಟರೊಳಗೆ 'ನೀರು ಬೇಕು', 'ಒಂದಕ್ಕೆ ಹೋಗಬೇಕು' ಅಂತಾದರೂ ಹೇಳಲು ಬಂದರೆ ಶಾಲೆಯಲ್ಲಿ ಅಳುತ್ತ ಕೂರುವುದು ತಪ್ಪುತ್ತದೆ. ಮಾತಿನ ತರಬೇತಿ ಬಾಳಗಡಿಯಲ್ಲಿ ಪ್ರತಿ ಬುಧವಾರ. ಅದಕ್ಕೆ ಸೇರಲು ತಪಾಸಣಾ ಶಿಬಿರದ ಚೀಟಿ ಬೇಕು.

ಶಿಬಿರದ ಮೇಡಂ ಉತ್ತರ ಕರ್ನಾಟಕದ ಕಡೆಯಿಂದ ಆಗಷ್ಟೇ ಬಂದವರು. ಕರೆಂಟಿಲ್ಲದೆ ಕಿವಿ ಪರೀಕ್ಷೆಯ ಯಂತ್ರ ಮಲಗಿತ್ತು. ಹಾಗಾಗಿ ಕೂಸಿನ ಬೆನ್ನ ಹಿಂದೆ ನಿಂತು ಹೆಸರು ಹಿಡಿದು ಕರೆದರು.

"ಎಂತ?" ಅಂದಳು ಕೂಸು.

ಇನ್ನೂ ಗಟ್ಟಿಯಾಗಿ ಕರೆದರು. "ಎಂತ?"

ಮೂರನೇ ಸಲ ಕರೆದದ್ದು ಬಸ್ ಸ್ಟ್ಯಾಂಡಿಗೂ ಕೇಳಿರಬೇಕು. ಕೂಸಿಗೆ ಬೇಜಾರು ಬಂತು. "ಎಂತಾ?"

ಮೇಡಂ ಬರೆದರು: ಕಿವಿ ಕೇಳಿಸುವುದಿಲ್ಲ.

"ಅಜ್ಜೀ" ಅಂದರು ಆಮೇಲೆ.

"ಎಂತ?" ಅಂದರು ಅಜ್ಜಿ. ಮೇಡಂ 'ವಂಶಪಾರಂಪರ್ಯ' ಅಂತ ಸೇರಿಸಿದರು.

ಬಾಗಿಲಲ್ಲಿ ಫಾರಂ ತುಂಬುತ್ತಿದ್ದ ನಾನು ಬಿಡಿಸಿ ಹೇಳೋಣ ಅಂತ ಎದ್ದೆ. ಅಷ್ಟರಲ್ಲಿ ಅವರೇ "ಸರ್" ಅಂದರು.

"ಎಂತ?" ಅಂದುಬಿಟ್ಟೆ.

ಅಲ್ಲಿಂದಾಚೆ ನಾನು ಏನು ಹೇಳಿದರೂ ಮೇಡಂ ತುಟಿ ಅಗಲಿಸಿ, ಬಿಡಿಬಿಡಿಯಾಗಿ ಉತ್ತರ ಕೊಟ್ಟರು: "ಗಾಬರಿ. ಆಗಬ್ಯಾಡ್ರಿ. ಎಲ್ಲರಿಗೂ. ಮಿಷಿನ್. ಬರ್ತೈತಿ."

ಕಚೇರಿ

ಕೂಸಿನ ಹೆಸರು ಕಿವಿ ಕೇಳದವರ ಪಟ್ಟಿಗೆ ಹೋಯಿತು, ಮಾತಿನ ತರಬೇತಿಯ ಪಟ್ಟಿಯಿಂದ ಬಿದ್ದುಹೋಯಿತು. "ಮಾತು ಬಂದ ಕೂಸಿಗೆ ಕಿವಿ ಹೋಯ್ತಾ ಮೇಷ್ಟ್ರೇ?" ಅಂತ ಅಜ್ಜಿ ಕಣ್ಣೊರೆಸಿಕೊಂಡರು. ನಾನು ಕಚೇರಿಗೆ ನುಗ್ಗಿದೆ.

"ಕಿವಿ ವಾಸಿಯಾಗಿದೆ ಅಂತ ಸರ್ಟಿಫಿಕೇಟ್ ತನ್ನಿ" ಅಂದ ಗುಮಾಸ್ತ.

"ಇಲ್ಲದ ಕಾಯಿಲೆ ವಾಸಿ ಆಗೋದು ಹೆಂಗೆ ಮಾರಾಯ?"

"ಹಂಗಾದ್ರೆ ಮಿಷಿನ್ ಬಂದಾಗ ತಗೊಳ್ಳಿ. ಬೇಡ ಅಂತ ವಾಪಸ್ ಕೊಟ್ಟರೆ ಮರುಪರೀಕ್ಷೆ ಮಾಡ್ತಾರೆ. ಮಿಷಿನ್ ತಗೊಳ್ಳದವರಿಗೆ ವಾಪಸ್ ಕೊಡೋ ಅವಕಾಶ ಇಲ್ಲ."

ಮೂವತ್ತು ಮಕ್ಕಳಿಗೆ ಲೆಕ್ಕ ಕಲಿಸಿದ ನನಗೆ ಈ ಲೆಕ್ಕ ತಲೆಗೆ ಹತ್ತಲಿಲ್ಲ.

ಅಂತೂ ಚಳಿಗಾಲ ಕಳೆಯುವಾಗ ಕೂಸಿನ ಮಿಷಿನ್ ಬಂತು. ಇದು ಎಂತಕ್ಕೆ ಅಂತ ಅವಳು ಕೈಸನ್ನೆಯಲ್ಲೇ ಕೇಳಿದಳು. "ನೀನು 'ಎಂತ' ಅಂದ್ಯಲ್ಲ, ಅದಕ್ಕೆ. ಎಂತ ಅಂದವರಿಗೆಲ್ಲ ಇದನ್ನ ಕೊಡ್ತಾರಂತೆ" ಅಂದರು ಅಜ್ಜಿ. ಕೂಸು ಆ ಮಾತನ್ನು ಗಂಭೀರವಾಗಿ ತಲೆಗೆ ಹಾಕಿಕೊಂಡಳು.

ಮರುಪರೀಕ್ಷೆ

ಈ ಸಲ ನಾನು ಪೂರ್ತಿ ತಯಾರಿಯಲ್ಲಿದ್ದೆ. ಕರೆದರೆ 'ಓ' ಅನ್ನಬೇಕು, 'ಎಂತ' ಬಾಯಿಗೇ ಬರಕೂಡದು ಅಂತ ಇಬ್ಬರಿಗೂ ಒಂದು ವಾರ ತಾಲೀಮು. ಬಸ್ಸಿನಲ್ಲಿ ಕಂಡಕ್ಟರು "ಟಿಕೆಟ್" ಅಂದರೆ ಅಜ್ಜಿ "ಓ" ಅಂದರು.

ಅದೇ ಮೇಡಂ. ಅದೇ ಕರೆಂಟು, ಅಂದರೆ ಇಲ್ಲ. ಕೂಸಿನ ಹಿಂದೆ ನಿಂತು ಕರೆದರು.

ಕೂಸು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

ಮತ್ತೆ ಕರೆದರು. ಉಸಿರೂ ಇಲ್ಲ. ಇದ್ದ ಒಂದೇ ಮಾತನ್ನು ನನ್ನ ಅತಿಬುದ್ಧಿಯಿಂದ ನಾನೇ ನುಂಗಿಸಿದ್ದೆ. ಮೇಡಂ ಕುರ್ಚಿಯಲ್ಲಿ ಕೂತು ಪೆನ್ನಿನ ಮುಚ್ಚಳ ತೆಗೆದರು. ಅಜ್ಜಿ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಅಷ್ಟರಲ್ಲಿ ಬಾಗಿಲಿಂದ ಅಟೆಂಡರು "ಮೇಡಂ" ಅಂದ.

ಅಷ್ಟೂ ತಿಂಗಳು ಮೂರು ತಾಲ್ಲೂಕು ತಿರುಗಿದ ಮೇಡಂ ತಲೆ ಎತ್ತದೆಯೇ "ಎಂತ?" ಅಂದರು.

ಕೂಸು ಎದ್ದಳು. ವಾಪಸ್ ಕೊಡಲು ತಂದಿದ್ದ ಮಿಷಿನ್ನಿನ ಡಬ್ಬಿಯನ್ನು ಅಜ್ಜಿಯ ಚೀಲದಿಂದ ತೆಗೆದಳು. ನೆಟ್ಟಗೆ ಹೋಗಿ ಮೇಡಂ ಮಡಿಲಲ್ಲಿ ಇಟ್ಟು, ಹುಟ್ಟಿದ ಮೇಲೆ ಎರಡನೇ ಮಾತು ಆಡಿದಳು: "ತಗೋ."

ಮೇಡಂ ಡಬ್ಬಿ ನೋಡಿದರು, ನಮ್ಮನ್ನು ನೋಡಿದರು, ಮೆಲ್ಲಗೆ "ಅಯ್ಯ, ನಾನೂ ಅಂದೆನಲ್ರೀ" ಅಂದರು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಹಳೆಯ ಫಾರಂ ಹರಿದು, ಕೂಸನ್ನು ಮಾತಿನ ತರಬೇತಿಗೆ ಬರೆದರು. ಈಗ ಬುಧವಾರ ಬಂದರೆ ಕೂಸು ಬಾಳಗಡಿಯಲ್ಲಿ. ಹದಿನಾಲ್ಕು ಮಾತು ಬಂದಿವೆ, 'ನೀರು' ಕೂಡ. ಎಲ್ಲ ನನ್ನ ಪಾಠದ ಮಹಿಮೆ ಅಂತ ಬರೆದುಕೊಳ್ಳಿ.

ಆದರೆ ಆ ದಿನ ಮೇಡಂ ಹರಿದದ್ದು ಕೂಸಿನ ಫಾರಂ ಮಾತ್ರ. ಮೊನ್ನೆ ಕಚೇರಿಯ ಗುಮಾಸ್ತ ಫೋನ್ ಮಾಡಿ "ಮೇಷ್ಟ್ರೇ" ಅಂದ.

"ಎಂತ?" ಅಂದೆ.

"ಅದೇ, ನಿಮ್ಮ ಮಿಷಿನ್ ಬಂದಿದೆ."